ಹಳೆಯ ಜಪಾನಿ ಬೈಕಿನ ಸಿಡಿಐ: ಬಿಚ್ಚುವ ಮೊದಲು ಅಳೆಯಿರಿ

ಯಮಹಾ ಆರ್‌ಎಕ್ಸ್ 100 ಮತ್ತು ಹೀರೋ ಹೋಂಡಾ ಸಿಡಿ 100 ಎರಡೂ 1985ರಲ್ಲಿ ನಮ್ಮ ರಸ್ತೆಗೆ ಇಳಿದವು. ಇವುಗಳ ಎಂಜಿನ್ ಬಿಚ್ಚಿ ಜೋಡಿಸಬಲ್ಲ ಮೇಸ್ತ್ರಿಗಳಿಗೆ ಹುಬ್ಬಳ್ಳಿ–ಧಾರವಾಡದಲ್ಲಿ ಇಂದಿಗೂ ಬರವಿಲ್ಲ. ಆದರೆ ಕಿಡಿಯ ಸಮಯವನ್ನು ನಿರ್ಧರಿಸುವ, ಅಂಗೈಗಿಂತ ಚಿಕ್ಕದಾದ ಸಿಡಿಐ (ಕೆಪಾಸಿಟರ್ ಡಿಸ್ಚಾರ್ಜ್ ಇಗ್ನಿಷನ್) ಡಬ್ಬಿಯ ಮಾತು ಬಂದಾಗ ಮಾತ್ರ ‘ಹೋಗಿದ್ರ ಹೊಸಾದು ಹಾಕೂದರಿ’ ಎಂಬುದೊಂದೇ ಉತ್ತರ. ಅಂಗಡಿಯಲ್ಲಿ ಸಿಗುವ ಹೊಸದು ನೋಡಲು ಹಳೆಯದರಂತೆಯೇ ಇದ್ದರೂ, ಅದರ ಟೈಮಿಂಗ್ ಕೂಡ ಹಾಗೆಯೇ ಇರುತ್ತದೆಂಬ ಖಾತರಿಯಿಲ್ಲ. ಮೂಲ ಡಬ್ಬಿ ಏನು ಮಾಡುತ್ತದೆ ಎಂಬುದನ್ನು ಅಳೆದು, ಬೇಕೆನಿಸಿದರೆ ಅದಕ್ಕೆ ಬದಲಿಯನ್ನು ಕಟ್ಟಿಕೊಳ್ಳುವ ಕ್ರಮ ಇಲ್ಲಿದೆ.

ನಿಮ್ಮ ಬೈಕಿನಲ್ಲಿ ಸಿಡಿಐ ಇದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಿ. ರಾಜದೂತ್ 350ರಂಥ ಗಾಡಿಗಳಲ್ಲಿ ಇರುವುದು ಯಾಂತ್ರಿಕವಾಗಿ ತೆರೆದು ಮುಚ್ಚುವ ಪಾಯಿಂಟ್ ಮತ್ತು ಕಂಡೆನ್ಸರ್. ಅವಕ್ಕೆ ಈ ವಿಧಾನ ನೇರವಾಗಿ ಹೊಂದುವುದಿಲ್ಲ. ಮ್ಯಾಗ್ನೆಟ್‌ನಿಂದ ನಡೆಯುವ ಸಿಡಿಐನಲ್ಲಿ, ಎಂಜಿನ್ ಜೊತೆ ತಿರುಗುವ ಆ ಮ್ಯಾಗ್ನೆಟ್ ಚಕ್ರದ ಬಳಿಯಿರುವ ಸೋರ್ಸ್ ಕಾಯಿಲ್ (ತಂತಿಸುರುಳಿ) ಹುಟ್ಟಿಸುವ ನೂರಾರು ವೋಲ್ಟಿನ ಎ.ಸಿ. ವಿದ್ಯುತ್ತು ಡಯೋಡಿನ ಮೂಲಕ ಹಾದು ಸುಮಾರು 1 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ತುಂಬುತ್ತದೆ. ಪಲ್ಸರ್ ಕಾಯಿಲ್‌ನಿಂದ ಕಿಡಿಯ ಹೊತ್ತಿನ ಸಂಕೇತ ಬಂದೊಡನೆ ಎಲೆಕ್ಟ್ರಾನಿಕ್ ಸ್ವಿಚ್ ಆದ ಎಸ್‌ಸಿಆರ್ ತೆರೆದುಕೊಂಡು, ಆ ವಿದ್ಯುತ್ತನ್ನೆಲ್ಲ ಒಂದೇ ಏಟಿಗೆ, ಕಿಡಿಗೆ ಬೇಕಾದಷ್ಟು ವೋಲ್ಟೇಜ್ ಏರಿಸುವ ಎಚ್‌.ಟಿ. ಕಾಯಿಲ್‌ಗೆ ಸುರಿಯುತ್ತದೆ. 300 ವೋಲ್ಟಿಗೆ ತುಂಬಿದ 1 ಮೈಕ್ರೋಫ್ಯಾರಡ್ ಕೆಪಾಸಿಟರ್‌ನಲ್ಲಿರುವ ಶಕ್ತಿ 45 ಮಿಲಿಜೂಲ್. ಪ್ಲಗ್‌ನ ಕಿಡಿಗೆ ಅಷ್ಟು ಧಾರಾಳವಾಯಿತು, ಬೆರಳಿಗೂ ಬಲವಾದ ಹೊಡೆತ ಕೊಡಬಲ್ಲುದು. ಆದ್ದರಿಂದ ಡಬ್ಬಿಯ ಒಳಗೆ ಕೈಯಿಡುವ ಮುನ್ನ ಕೆಪಾಸಿಟರ್‌ನ ಎರಡು ತುದಿಗಳ ನಡುವೆ 100 ಕಿಲೋ ಓಮ್‌ನ, 2 ವಾಟ್‌ನ ರೆಸಿಸ್ಟರ್ ಹಿಡಿದು ಖಾಲಿ ಮಾಡಬೇಕು. ಸ್ಕ್ರೂ ಡ್ರೈವರ್ ತಾಗಿಸಿ ಟಪ್ಪೆನಿಸುವ ರೂಢಿ ಒಳ್ಳೆಯದಲ್ಲ.

ಎರಡನೆಯ ಹಂತ ತಂತಿಗಳದ್ದು. ಕನೆಕ್ಟರ್ ಕಳಚಿ, ಯಾವ ಬಣ್ಣದ ತಂತಿ ಎಲ್ಲಿಗೆ ಹೋಗುತ್ತದೆಂದು ಮಲ್ಟಿಮೀಟರ್ ಹಿಡಿದು ಗುರುತಿಸಿ, ಕಾಗದದ ಮೇಲೆ ಬರೆದಿಡಿ. ಸೋರ್ಸ್ ಕಾಯಿಲ್, ಪಲ್ಸರ್, ಎಚ್‌.ಟಿ. ಕಾಯಿಲ್, ಅರ್ಥ್ ಮತ್ತು ಬಂದ್ ಮಾಡುವ ಸ್ವಿಚ್, ಸಾಮಾನ್ಯವಾಗಿ ಇರುವುದು ಇಷ್ಟೇ. ಸಿಡಿಐ ಹೋಯಿತೆಂದು ತೀರ್ಮಾನಿಸಿದ ಎಷ್ಟೋ ಗಾಡಿಗಳಲ್ಲಿ ನಿಜವಾಗಿ ಕೆಟ್ಟಿರುವುದು ಪಲ್ಸರ್ ಕಾಯಿಲ್, ಇಲ್ಲವೇ ಧಾರವಾಡದ ಜಿಟಿಜಿಟಿ ಮಳೆಗೆ ಹಸಿರುಗಟ್ಟಿದ ಕನೆಕ್ಟರ್.

ಮೂರನೆಯ ಹಂತವೇ ಈ ಕೆಲಸದ ಜೀವಾಳ. ಚೆನ್ನಾಗಿ ಕೆಲಸ ಮಾಡುತ್ತಿರುವ ಡಬ್ಬಿಯನ್ನು ಗಾಡಿಯಲ್ಲೇ ಬಿಟ್ಟು, ಯಾವ ವೇಗದಲ್ಲಿ ಅದು ಎಷ್ಟು ಡಿಗ್ರಿ ಮುಂಚಿತವಾಗಿ ಕಿಡಿ ಹಾರಿಸುತ್ತದೆ ಎಂದು ಅಳೆಯಬೇಕು. ಅದಕ್ಕೆ ಪಿಸ್ಟನ್ ತುತ್ತತುದಿಗೆ ಬರುವ ನಿಖರ ಜಾಗ ಗೊತ್ತಿರಬೇಕು. ಸಿಡಿ 100ರ ಮ್ಯಾಗ್ನೆಟ್ ಮೇಲೆ ಅದಕ್ಕೆ ‘ಟಿ’ ಗುರುತು ಇದೆ. ಆರ್‌ಎಕ್ಸ್ 100ರಂಥ ಎರಡು ಸ್ಟ್ರೋಕಿನ ಗಾಡಿಗಾದರೆ, ಹಳೆಯ ಪ್ಲಗ್‌ನ ಪಿಂಗಾಣಿ ತೆಗೆಸಿ ಅದರೊಳಗೆ ತುದಿ ಗುಂಡಾದ ಬೋಲ್ಟ್ ಕೂರಿಸಿಕೊಳ್ಳಿ. ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನ ಲೇಥ್‌ನವರಿಗೆ ಇದು ಚಹಾ ಕುಡಿಯುವಷ್ಟರಲ್ಲಿ ಮುಗಿಯುವ ಕೆಲಸ. ಅದನ್ನು ಪ್ಲಗ್‌ನ ಜಾಗದಲ್ಲಿ ಬಿಗಿದು, ಮ್ಯಾಗ್ನೆಟ್ ಅನ್ನು ಕೈಯಿಂದ ನಿಧಾನವಾಗಿ ಒಂದು ದಿಕ್ಕಿಗೆ ತಿರುಗಿಸಿ ಪಿಸ್ಟನ್ ತಾಗಿದಲ್ಲಿ ಗೆರೆ ಹಾಕಿ, ಮತ್ತೊಂದು ದಿಕ್ಕಿಗೂ ಹಾಗೆಯೇ ಮಾಡಿ. ಎರಡು ಗೆರೆಗಳ ನಟ್ಟನಡುವೆ ಇರುವುದೇ ತುತ್ತತುದಿ. ಇನ್ನು ಡಿಗ್ರಿಯ ಗೆರೆಗಳಿಗೆ ಮ್ಯಾಗ್ನೆಟ್‌ನ ಸುತ್ತಳತೆಯನ್ನು 360ರಿಂದ ಭಾಗಿಸಿದರಾಯಿತು; ಹೊರವ್ಯಾಸ 115 ಮಿ.ಮೀ. ಇದ್ದರೆ ಒಂದು ಡಿಗ್ರಿಗೆ ಸರಿಸುಮಾರು ಒಂದು ಮಿ.ಮೀ. ಬರುತ್ತದೆ. ಬಿಳಿ ಬಣ್ಣದಲ್ಲಿ ತೆಳ್ಳಗೆ ಗೆರೆ ಎಳೆದು, ಬೇರೆ ಬ್ಯಾಟರಿಯಿಂದ ನಡೆಯುವ, ಪ್ರತಿ ಕಿಡಿಗೂ ಮಿನುಗುವ ಟೈಮಿಂಗ್ ಲೈಟ್ ಹಿಡಿದು, 1500 ಆರ್‌ಪಿಎಂನಿಂದ ಸಾವಿರ ಸಾವಿರ ಏರಿಸುತ್ತ ಓದಿಕೊಳ್ಳಿ. ನಾಲ್ಕು ಸ್ಟ್ರೋಕಿನ ಎಂಜಿನ್‌ನಲ್ಲೂ ಮ್ಯಾಗ್ನೆಟ್‌ನ ಪ್ರತಿ ಸುತ್ತಿಗೊಮ್ಮೆ ಕಿಡಿ ಹಾರುವುದರಿಂದ ಕೆಲವು ಆರ್‌ಪಿಎಂ ಮೀಟರುಗಳು ದುಪ್ಪಟ್ಟು ತೋರಿಸುತ್ತವೆ ಎಂಬುದು ನೆನಪಿರಲಿ. ಅಗ್ಗದ ಲೈಟು ಕೊಂಚ ತಡವಾಗಿ ಮಿನುಗಿದರೂ ಲೆಕ್ಕ ತಪ್ಪುತ್ತದೆ, ಏಕೆಂದರೆ 9000 ಆರ್‌ಪಿಎಂನಲ್ಲಿ ಒಂದು ಡಿಗ್ರಿ ಎಂದರೆ ಕೇವಲ 18.5 ಮೈಕ್ರೋಸೆಕೆಂಡು.

ಇದರ ಜೊತೆಗೆ ಪಲ್ಸರ್‌ನ ಸಂಕೇತವನ್ನು ಆಸಿಲೋಸ್ಕೋಪಿನಲ್ಲಿ ನೋಡಬೇಕು. ವಿದ್ಯಾನಗರದ ಎಂಜಿನಿಯರಿಂಗ್ ಕಾಲೇಜಿಗೆ ಹೋಗುವ ಮಕ್ಕಳು ಮನೆಯಲ್ಲಿದ್ದರೆ ಈ ಉಪಕರಣಕ್ಕೆ ದಾರಿ ಸುಲಭ. ಮ್ಯಾಗ್ನೆಟ್ ಮೇಲಿನ ಉಬ್ಬು ಪಲ್ಸರ್‌ನ ಎದುರು ಬರುವಾಗ ಒಂದು ಕಡೆಗೆ, ದಾಟಿ ಹೋಗುವಾಗ ವಿರುದ್ಧ ಕಡೆಗೆ, ಹೀಗೆ ಎರಡು ಮೊನೆಗಳು ಪರದೆಯ ಮೇಲೆ ಕಾಣುತ್ತವೆ. ಪಲ್ಸರ್‌ನ ತಂತಿಗಳನ್ನು ಅದಲುಬದಲು ಮಾಡಿದರೆ ಸಿಡಿಐ ಮತ್ತೊಂದು ಮೊನೆಗೆ ಕಿಡಿ ಹಾರಿಸಿ, ಉಬ್ಬಿನ ಅಗಲದಷ್ಟು ಟೈಮಿಂಗ್ ಸರಿದುಬಿಡುತ್ತದೆ. ಗಾಡಿ ಸ್ಟಾರ್ಟ್ ಆಗುತ್ತದೆ, ಓಡುವುದಿಲ್ಲ ಎಂಬ ದೂರಿಗೆ ಇದೂ ಒಂದು ಕಾರಣ. ಸಿಡಿಐನ ಹೊರತುದಿಯನ್ನು ಅಳೆಯುವಾಗ ಮಾತ್ರ ಆ ವೋಲ್ಟೇಜ್ ತಡೆಯಬಲ್ಲ ಪ್ರೋಬ್ ಕಡ್ಡಾಯ.

ಡಬ್ಬಿಯನ್ನು ಬಿಚ್ಚುವುದು ಇಷ್ಟಾದ ಮೇಲೆ, ಅದೂ ಸತ್ತ ಡಬ್ಬಿಯನ್ನು ಮಾತ್ರ. ಒಳಗೆ ತುಂಬಿದ ಎಪಾಕ್ಸಿಯನ್ನು ಬಿಸಿಗಾಳಿಯ ಗನ್‌ನಿಂದ ಮೆತ್ತಗಾಗಿಸಿ ಗಾಳಿಯಾಡುವ ಕಡೆ ಕೂತು ಕೆರೆಯಬೇಕು. ಬೇಸರದ ಕೆಲಸ, ಅವಸರ ಮಾಡಿದರೆ ಬೋರ್ಡಿನ ತಾಮ್ರವೂ ಎದ್ದು ಬರುತ್ತದೆ. ಕಂಡದ್ದನ್ನು ಕಂಡಂತೆ ಚಿತ್ರ ಬರೆದುಕೊಳ್ಳಿ. ಸಾಮಾನ್ಯವಾಗಿ ಸಿಗುವುದು ಅದುರಿ ಬಿರುಕುಬಿಟ್ಟ ಬೆಸುಗೆ, ಸೋರುವ ಎಸ್‌ಸಿಆರ್ ಅಥವಾ ಸತ್ವ ಕಳೆದುಕೊಂಡ ಕೆಪಾಸಿಟರ್. ಬದಲಿಗೆ 1ಎನ್4007 ಡಯೋಡ್, ಬಿಟಿ151 ಜಾತಿಯ ಎಸ್‌ಸಿಆರ್ ಮತ್ತು 630 ವೋಲ್ಟಿನ ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಬಹುದು. ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಇಲ್ಲಿ ಬಾಳುವುದಿಲ್ಲ.

ಟೈಮಿಂಗ್ ಅನ್ನು ನಿಮ್ಮಿಷ್ಟದಂತೆ ಬದಲಿಸಬೇಕಾದರೆ ಪಲ್ಸರ್ ಮತ್ತು ಎಸ್‌ಸಿಆರ್ ನಡುವೆ ಮೈಕ್ರೋಕಂಟ್ರೋಲರ್ (ಪುಟ್ಟ ಕಂಪ್ಯೂಟರ್ ಚಿಪ್) ಕೂರಿಸಬೇಕು. ಅದು ಒಂದು ಸುತ್ತಿನ ಅವಧಿ ಅಳೆದು, ಯಾವ ವೇಗಕ್ಕೆ ಎಷ್ಟು ಡಿಗ್ರಿ ಎಂಬ ಕೋಷ್ಟಕ ನೋಡಿ, ಅಷ್ಟು ಹೊತ್ತು ತಡೆದು ಎಸ್‌ಸಿಆರ್‌ಗೆ ಸಂಕೇತ ಕೊಡುತ್ತದೆ. ಪಲ್ಸರ್‌ನ ಮೊದಲ ಮೊನೆ ತುತ್ತತುದಿಗೆ 30 ಡಿಗ್ರಿ ಮುಂಚೆ ಬರುತ್ತದೆ, 1500 ಆರ್‌ಪಿಎಂನಲ್ಲಿ ನಮಗೆ 17 ಡಿಗ್ರಿ ಬೇಕು ಎಂದುಕೊಳ್ಳೋಣ. ಆಗ 13 ಡಿಗ್ರಿಯಷ್ಟು, ಅಂದರೆ ಸುಮಾರು 1444 ಮೈಕ್ರೋಸೆಕೆಂಡು ಕಾಯಬೇಕು. 6000ದಲ್ಲಿ 27 ಡಿಗ್ರಿ ಬೇಕಿದ್ದರೆ ಕಾಯುವುದು 83 ಮಾತ್ರ. 16 ಮೆಗಾಹರ್ಟ್ಸ್‌ನ ಎಟಿಮೆಗಾ328 ಚಿಪ್‌ನಲ್ಲಿ ಟೈಮರಿನ ಗಡಿಯಾರವನ್ನು 8ರಿಂದ ಭಾಗಿಸಿದರೆ 16 ಬಿಟ್‌ನ ಎಣಿಕೆ 32.768 ಮಿಲಿಸೆಕೆಂಡಿಗೇ ತುಂಬಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಸುತ್ತಿಗೆ ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುವ, 1831 ಆರ್‌ಪಿಎಂಗಿಂತ ಕೆಳಗಿನ ಲೆಕ್ಕವೆಲ್ಲ ತಪ್ಪುತ್ತದೆ. 64ರಿಂದ ಭಾಗಿಸಿದರೆ ಒಂದು ಎಣಿಕೆಗೆ 4 ಮೈಕ್ರೋಸೆಕೆಂಡಾಗಿ, 9000ದಲ್ಲೂ ತಪ್ಪು ಕಾಲು ಡಿಗ್ರಿಯನ್ನು ದಾಟುವುದಿಲ್ಲ.

ಕಿಕ್ ಹೊಡೆಯುವಾಗ ಈ ಲೆಕ್ಕವನ್ನು ನೆಚ್ಚಬಾರದು. ಕಂಪ್ರೆಷನ್‌ಗೆ ಎದುರಾಗಿ ಎಂಜಿನ್ ಒಂದೇ ಸುತ್ತಿನಲ್ಲಿ ನಿಧಾನವಾಗಿ, ಮತ್ತೆ ಜೋರಾಗುವುದರಿಂದ ಹಿಂದಿನ ಸುತ್ತಿನ ಅವಧಿ ಮುಂದಿನದಕ್ಕೆ ಹೊಂದುವುದಿಲ್ಲ. ಕಿಡಿ ಬಹಳ ಮುಂಚೆ ಹಾರಿದರೆ ಕಿಕ್ ತಿರುಗಿ ಕಾಲಿಗೆ ಬಡಿಯುತ್ತದೆ. ಹಾಗಾಗಿ ಎಂಜಿನ್ ನೆಲೆನಿಲ್ಲುವವರೆಗೆ ಎರಡನೆಯ ಮೊನೆಗೇ ನೇರವಾಗಿ ಕಿಡಿ ಹಾರುವಂತೆ ಬರೆಯಿರಿ.

ಮೊದಲ ಕೋಷ್ಟಕ ನೀವು ಅಳೆದ ಮೂಲ ಟೈಮಿಂಗ್‌ನ ತದ್ರೂಪಿಯೇ ಆಗಿರಲಿ. ಲೈಟ್ ಹಿಡಿದು ಎರಡೂ ಒಂದೇ ಎಂದು ಕಂಡ ಮೇಲೆ ಒಮ್ಮೆಗೆ ಒಂದು ಡಿಗ್ರಿಯಷ್ಟೇ ಬದಲಿಸಿ. ಎರಡು ಸ್ಟ್ರೋಕಿನ ಗಾಡಿಯಲ್ಲಿ ಹೆಚ್ಚಿನ ವೇಗಕ್ಕೆ ಕಿಡಿಯನ್ನು ತುಸು ಹಿಂದೆ ಸರಿಸಿದರೆ ಸೈಲೆನ್ಸರ್ ಪೈಪು ಬಿಸಿಯೇರಿ ಎಂಜಿನ್ ಇನ್ನಷ್ಟು ಮೇಲಕ್ಕೆ ಎಳೆಯುತ್ತದೆ. ಮುಂದೆ ಸರಿಸುತ್ತ ಹೋದರೆ ನಾಕಿಂಗ್ (ಎಂಜಿನ್ ಒಳಗಿನ ಬಡಿತ) ಶುರುವಾಗಿ ಪಿಸ್ಟನ್ ತೂತು ಬೀಳಬಹುದು. ಪರೀಕ್ಷೆಯ ದಿನಗಳಲ್ಲಿ ಮೂಲ ಸಿಡಿಐ ಟೂಲ್ ಬಾಕ್ಸಿನಲ್ಲಿರಲಿ, ಕನೆಕ್ಟರ್ ಅದೇ ಇದ್ದರೆ ನವನಗರದ ಹತ್ತಿರ ಗಾಡಿ ನಿಂತರೂ ಬದಲಿಸಿಕೊಂಡು ಮನೆಗೆ ಬರಬಹುದು. ಹೊಗೆ ತಪಾಸಣೆಯನ್ನು ಮತ್ತೊಮ್ಮೆ ಮಾಡಿಸಿ. ಹೊಸ ಬೋರ್ಡಿಗೆ ಎಪಾಕ್ಸಿ ಸುರಿಯುವುದು ಎಲ್ಲಕ್ಕಿಂತ ಕೊನೆಗೆ, ಕೋಷ್ಟಕದಲ್ಲಿ ಇನ್ನು ತಿದ್ದುವುದೇನೂ ಉಳಿದಿಲ್ಲ ಎಂದಾದ ಮೇಲೆ.