ಟೆರೇಸ್ ಮೇಲೊಂದು ಪರ್ಣಶಾಲೆ: ಬೆಂಗಳೂರಿನ ಕ್ರೈಸ್ತ ಮನೆಗಳಲ್ಲಿ ಮಾಡೋದು ಹೇಗೆ?

ನಮ್ಮ ಚರ್ಚ್‌ಗಳ ಸುಗ್ಗಿ ಹಬ್ಬ ನಿಮಗೆ ಗೊತ್ತೇ ಇದೆ. ಬಾಳೆಗೊನೆ, ಕುಂಬಳಕಾಯಿ, ಕೇಕು, ಜೊತೆಗೆ ಯಾರೋ ತಂದ ಒಂದು ಕೋಳಿ. ಆರಾಧನೆ ಮುಗಿದ ಮೇಲೆ ಎಲ್ಲವೂ ಹರಾಜು. ಒಂದು ನಿಂಬೆಹಣ್ಣು ಐನೂರು ರೂಪಾಯಿಗೆ ಹೋಗುತ್ತದೆ, ಎಲ್ಲರೂ ನಗುತ್ತಾರೆ, ಬಿರಿಯಾನಿ ತಿಂದು ಮನೆಗೆ ಬರುತ್ತಾರೆ. ಚೆನ್ನಾಗಿಯೇ ಇರುತ್ತದೆ, ಬೇಡ ಅಂತ ಹೇಳುತ್ತಿಲ್ಲ.

ಆದರೆ ಯಾಜಕಕಾಂಡ 23ರಲ್ಲಿ ಹೇಳಿರುವ ಸುಗ್ಗಿ ಹಬ್ಬ ಸ್ವಲ್ಪ ತೊಂದರೆ ಕೊಡುವಂಥದ್ದು. ದ್ರಾಕ್ಷಿ ಹಿಂಡಿ ಆಗಿದೆ, ಕಣದ ಕೆಲಸ ಮುಗಿದಿದೆ, ಕಣಜ ತುಂಬಿದೆ, ಈಗ ಕಾಲು ಚಾಚಿ ಕೂರಬೇಕು ಅನ್ನುವ ಹೊತ್ತಿಗೆ ಸರಿಯಾಗಿ ದೇವರು ಹೇಳುವುದು: ಮನೆಯಿಂದ ಹೊರಗೆ ಬಾ, ಏಳು ದಿನ ಸೊಪ್ಪಿನ ಗುಡಿಸಲಲ್ಲಿ ಇರು. ಐಗುಪ್ತದಿಂದ ಬಂದಾಗ ನಿನ್ನ ಹಿರಿಯರು ಹೀಗೇ ಇದ್ದರು, ಅದು ನಿನ್ನ ಮಕ್ಕಳಿಗೂ ಗೊತ್ತಾಗಲಿ. ಇದೇ ಪರ್ಣಶಾಲೆಗಳ ಹಬ್ಬ. ಯೆಹೂದ್ಯರು ಇದನ್ನು ಸುಕ್ಕೋತ್ ಅನ್ನುತ್ತಾರೆ, ಇವತ್ತಿಗೂ ಮಾಡುತ್ತಾರೆ.

ಕ್ರೈಸ್ತರು ಇದನ್ನು ಮಾಡಲೇಬೇಕಾ? ಬೇಡ. ಹಬ್ಬ, ಅಮಾವಾಸ್ಯೆ, ಸಬ್ಬತ್ತಿನ ವಿಷಯದಲ್ಲಿ ಯಾರೂ ನಿಮ್ಮನ್ನು ತೀರ್ಪು ಮಾಡದಿರಲಿ ಅಂತ ಕೊಲೊಸ್ಸೆಯವರಿಗೆ ಬರೆದ ಪತ್ರದ 2ನೇ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ. ಹಾಗಂತ ಒಂದೆರಡು ಸಂಜೆ ಹೀಗೆ ಕಳೆದರೆ, ಇದೇ ಹಬ್ಬದ ಹಿನ್ನೆಲೆ ಇರುವ ಯೋಹಾನನ ಸುವಾರ್ತೆಯ 7, 8ನೇ ಅಧ್ಯಾಯಗಳು ಕಣ್ಣ ಮುಂದೆ ನಡೆದ ಹಾಗೆ ಅರ್ಥವಾಗುತ್ತವೆ. ನನಗೆ ಅಷ್ಟು ಕಾರಣ ಸಾಕು.

ಯಾವಾಗ? ಯೆಹೂದ್ಯರ ಏಳನೇ ತಿಂಗಳಾದ ತಿಶ್ರಿಯ 15ನೇ ದಿನ, ಹುಣ್ಣಿಮೆಯ ಹೊತ್ತಿಗೆ. 2026ರಲ್ಲಿ ಸೆಪ್ಟೆಂಬರ್ 25ರ ಸಂಜೆ ಶುರು, 2027ರಲ್ಲಿ ಅಕ್ಟೋಬರ್ 15ರ ಸಂಜೆ. ಅವರ ಲೆಕ್ಕದಲ್ಲಿ ದಿನ ಶುರುವಾಗುವುದು ಸೂರ್ಯ ಮುಳುಗಿದ ಮೇಲೆ. ನೀವು ಆ ವಾರದ ಶನಿವಾರ, ಭಾನುವಾರ ಮಾಡಿಕೊಂಡರೂ ಯಾರೂ ಕೇಳುವುದಿಲ್ಲ.

ಈಗ ಕಟ್ಟುವ ಕೆಲಸ. ಜಾಗ ಅಂದರೆ ಟೆರೇಸೇ. ಬಾಬೆಲಿನ ಸೆರೆಯಿಂದ ವಾಪಸ್ ಬಂದ ಜನ ತಮ್ಮ ಮನೆಗಳ ಮಾಳಿಗೆ ಮೇಲೂ ಅಂಗಳದಲ್ಲೂ ಪರ್ಣಶಾಲೆ ಕಟ್ಟಿಕೊಂಡರು ಅಂತ ನೆಹೆಮೀಯ 8ರಲ್ಲಿ ಇದೆ, ಅಂದರೆ ಇದು ಹೊಸ ಐಡಿಯಾ ಏನಲ್ಲ. ಅಪಾರ್ಟ್‌ಮೆಂಟ್ ಆದರೆ ಅಸೋಸಿಯೇಷನ್‌ಗೆ ಮೊದಲೇ ಒಂದು ಮಾತು ಹೇಳಿ. ಮೇಲಿನ ಮನೆಯ ಸ್ಲ್ಯಾಬ್ ಬರುವ ಬಾಲ್ಕನಿ ಆಗುವುದಿಲ್ಲ. ನೀರಿನ ಟ್ಯಾಂಕಿನ ಅಡಿ, ಪಕ್ಕದ ಮನೆಯ ಮಾವಿನ ಮರದ ಅಡಿ, ಅದೂ ಆಗುವುದಿಲ್ಲ. ನೆತ್ತಿ ಮೇಲೆ ಆಕಾಶ ಇರಬೇಕು.

ಆರ್‌ಸಿಸಿ ಟೆರೇಸಿನಲ್ಲಿ ಗುಂಡಿ ತೋಡಕ್ಕಾಗಲ್ಲ, ಅಲ್ವಾ? ಹಳೇ ಪೇಂಟ್ ಬಕೆಟ್ ನಾಲ್ಕು ತಗೊಂಡು, ಒಂದೊಂದರಲ್ಲೂ ಒಂದು ಬೊಂಬು ನಿಲ್ಲಿಸಿ ಮರಳು ಗಟ್ಟಿಯಾಗಿ ತುಂಬಿ. ಎರಡು ಬೊಂಬನ್ನು ಪ್ಯಾರಪೆಟ್ ಗೋಡೆ ಕಡೆಗೆ ತಂದು ಹಗ್ಗ ಬಿಗಿಯಿರಿ, ಇಲ್ಲದಿದ್ದರೆ ಸಂಜೆ ಗಾಳಿಗೆ ಇಡೀ ಚಪ್ಪರ ಪಕ್ಕದ ಮನೆಗೆ ಹೋಗುತ್ತದೆ. ಮೇಲೆ ಅಡ್ಡಡ್ಡ ಬೊಂಬು ಕಟ್ಟಿ. ಮೂರು ಕಡೆ ಗೋಡೆಗೆ ಹಳೇ ಸೀರೆ, ಬೆಡ್‌ಶೀಟು ಸಾಕು, ಆದರೆ ಗಾಳಿಗೆ ಪಟಪಟ ಅನ್ನದ ಹಾಗೆ ಕೆಳಗೂ ಕಟ್ಟಿರಬೇಕು.

ಮುಖ್ಯವಾದದ್ದು ಮಾಡು, ಅಂದರೆ ಚಾವಣಿ. ಅದಕ್ಕೆ ನೆಲದಿಂದ ಬೆಳೆದು, ಕಡಿದು ತಂದ ಸೊಪ್ಪುಸದೆಯೇ ಆಗಬೇಕು. ಇಲ್ಲಿ ತೆಂಗಿನ ಗರಿಗಿಂತ ಬೇರೆ ಬೇಕಾಗಿಯೇ ಇಲ್ಲ. ಮದುವೆ ಚಪ್ಪರ ಹಾಕುವವರನ್ನು ಕೇಳಿ ಅಥವಾ ತೆಂಗಿನಮರ ಇರುವ ಮನೆಯವರನ್ನು ಕೇಳಿ. ಬಿಸಿಲಿಗಿಂತ ನೆರಳು ಜಾಸ್ತಿ ಇರಬೇಕು, ಆದರೆ ರಾತ್ರಿ ಗರಿಗಳ ಸಂದಿಯಲ್ಲಿ ನಕ್ಷತ್ರ ಕಾಣಬೇಕು, ಇದು ಯೆಹೂದ್ಯರ ಹಳೇ ವಾಡಿಕೆ. ಹಾಗಾಗಿ ಮೇಲೆ ಟಾರ್ಪಾಲು ಹಾಕಬೇಡಿ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಅಂದರೆ ಮಳೆ ಬಂದೇ ಬರುತ್ತದೆ, ಟಾರ್ಪಾಲು ಹಾಕೋಣ ಅಂತ ಮನೆಯವರು ಹೇಳಿಯೇ ಹೇಳುತ್ತಾರೆ, ಒಪ್ಪಬೇಡಿ. ಸೋರದ ಮಾಡು ಹಾಕಿದ ಮೇಲೆ ಅದು ಶಾಮಿಯಾನ ಆಗುತ್ತದೆ ಅಷ್ಟೇ. ಮಳೆ ಬಂದು ಊಟ ಕೆಡುವ ಹಾಗಾದರೆ ತಟ್ಟೆ ಎತ್ತಿಕೊಂಡು ಒಳಗೆ ಹೋಗಬಹುದು ಅಂತ ಯೆಹೂದ್ಯರ ನಿಯಮಗಳಲ್ಲೇ ಅವಕಾಶ ಇದೆ.

ಸೀರಿಯಲ್ ಲೈಟ್ ಬೇಡ, ಒದ್ದೆ ಟೆರೇಸಿನಲ್ಲಿ ವೈರು ಎಳೆದರೆ ಶಾಕ್ ಹೊಡೆಯುವ ಅಪಾಯ ಇದೆ. ಬ್ಯಾಟರಿ ದೀಪ ಸಾಕು. ಒಣಗಿದ ಗರಿ ಹತ್ತಿರ ಮೇಣದಬತ್ತಿ ಹಚ್ಚುವ ಯೋಚನೆಯನ್ನೂ ಬಿಡಿ.

ಒಳಗೆ ಹಣ್ಣುಕಾಯಿ ತೂಗುಹಾಕುವುದು ಮಕ್ಕಳ ಕೆಲಸ. ದಾಳಿಂಬೆ ಇರಲಿ, ಧರ್ಮೋಪದೇಶಕಾಂಡ 8ರಲ್ಲಿ ಹೇಳಿರುವ ಆ ದೇಶದ ಏಳು ಬೆಳೆಗಳಲ್ಲಿ ಅದೂ ಒಂದು. ಉಳಿದದ್ದು ನಮ್ಮ ಕಾಲಕ್ಕೆ ಸಿಗುವ ಸೀತಾಫಲ, ಮುಸುಕಿನ ಜೋಳದ ತೆನೆ. ಯೆಹೂದ್ಯರು ನಾಲ್ಕು ಬಗೆ ಗಿಡದ್ದು ಕೈಯಲ್ಲಿ ಹಿಡಿದು ಅಲ್ಲಾಡಿಸುತ್ತಾರೆ: ಮಾದಲ ಹಣ್ಣು, ಖರ್ಜೂರದ ಎಳೇ ಗರಿ, ಮರ್ಟಲ್ ಎಂಬ ಪರಿಮಳದ ಗಿಡದ ರೆಂಬೆ, ನೀರಿನ ಪಕ್ಕ ಬೆಳೆಯುವ ವಿಲ್ಲೋ. ಆಗ ಹಾಡುವುದು 118ನೇ ಕೀರ್ತನೆ, ಅದರಲ್ಲೇ ಹೊಸನ್ನ ಅನ್ನುವ ಕೂಗು ಇರುವುದು. ಗರಿಗಳ ಭಾನುವಾರ ನಾವು ಚರ್ಚಿನ ಸುತ್ತ ಗರಿ ಹಿಡಿದು ಕೂಗುವುದೂ ಅದನ್ನೇ. ಅವರ ಆಶೀರ್ವಾದದ ಮಂತ್ರಗಳನ್ನು ಯೂಟ್ಯೂಬ್ ನೋಡಿ ಹೇಳಲು ಹೋಗಬೇಡಿ, ಪ್ರಾರ್ಥನೆಯ ಶಾಲು ಹೊದ್ದು ಫೋಟೊ ತೆಗೆಸಿಕೊಳ್ಳಬೇಡಿ. ಅದು ಅವರ ಆರಾಧನೆ. ನಾವು ಕಲಿಯಬಹುದು, ವೇಷ ಹಾಕಬಾರದು.

ಊಟಕ್ಕೆ ಹೋಳಿಗೆ ಇಲ್ಲಾ ಕಡುಬು ಮಾಡಿ. ಈ ಹಬ್ಬಕ್ಕೆ ಒಳಗೆ ಏನಾದರೂ ತುಂಬಿದ ಅಡುಗೆ ಮಾಡುವುದು ಎಷ್ಟೋ ಯೆಹೂದ್ಯ ಮನೆಗಳಲ್ಲಿ ರೂಢಿ, ಸಮೃದ್ಧಿಯ ಗುರುತು ಅಂತ.

ಕತ್ತಲಾದ ಮೇಲೆ ಒಂದು ತಂಬಿಗೆ ನೀರು, ಒಂದು ಖಾಲಿ ಪಾತ್ರೆ ಇಟ್ಟುಕೊಂಡು ಎಲ್ಲರೂ ಕೂತುಕೊಳ್ಳಿ. ಇಸ್ರೇಲಿನಲ್ಲಿ ಬೇಸಿಗೆಯಿಡೀ ಮಳೆ ಇಲ್ಲ, ಈ ಹಬ್ಬದ ಹೊತ್ತಿಗೆ ಕೆರೆಬಾವಿ ಬತ್ತಿರುತ್ತವೆ. ಯೆರೂಸಲೇಮಿನಲ್ಲಿ ದೇವಾಲಯ ಇದ್ದ ಕಾಲದಲ್ಲಿ ಹಬ್ಬದ ಬೆಳಗ್ಗೆ ಯಾಜಕ ಸಿಲೋವ ಕೊಳದಿಂದ ಚಿನ್ನದ ಪಾತ್ರೆಯಲ್ಲಿ ನೀರು ತರುತ್ತಿದ್ದ, ತುತ್ತೂರಿ ಊದುತ್ತಿದ್ದರು, ಆ ನೀರನ್ನು ಬಲಿಪೀಠಕ್ಕೆ ಸುರಿಯುತ್ತಿದ್ದರು. ಮಳೆ ಕೊಡು ಸ್ವಾಮಿ ಅಂತ. ಕ್ರಿ.ಶ. 70ರಲ್ಲಿ ದೇವಾಲಯ ಬಿದ್ದ ಮೇಲೆ ಇದು ನಿಂತುಹೋಯಿತು. ಆ ಕೊಳದ ಮೆಟ್ಟಿಲುಗಳು 2004ರಲ್ಲಿ ಚರಂಡಿ ಪೈಪಿನ ಕೆಲಸ ಮಾಡುವಾಗ ಸಿಕ್ಕವು.

ಈಗ ಒಬ್ಬರು ಯೆಶಾಯ 12 ಓದಲಿ, ರಕ್ಷಣೆಯ ಬಾವಿಗಳಿಂದ ಸಂತೋಷವಾಗಿ ನೀರು ಸೇದುವ ಮಾತು ಅಲ್ಲಿದೆ. ಇನ್ನೊಬ್ಬರು ನೀರು ಸುರಿಯಲಿ. ಸುರಿದು ಮುಗಿದ ಕೂಡಲೇ ಯೋಹಾನ 7:37 ಓದಿ. ಹಬ್ಬದ ಕೊನೆಯ ದೊಡ್ಡ ದಿನ, ಜನ ಅಷ್ಟು ದಿನದಿಂದ ನೀರಿಗಾಗಿ ಬೇಡುತ್ತಿರುವಾಗ, ಯೇಸು ಎದ್ದುನಿಂತು ಕೂಗಿ ಹೇಳುತ್ತಾನೆ: ಬಾಯಾರಿದವನು ನನ್ನ ಹತ್ತಿರ ಬರಲಿ. ಎರಡು ದಿನಕ್ಕೊಮ್ಮೆ ನಲ್ಲಿ ನೀರು ಬರುವ, ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಕಾಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದೆ ದೀಪ ಆರಿಸಿ, ಸ್ವಲ್ಪ ಹೊತ್ತು ಸುಮ್ನೆ ಇದ್ದು, ಮತ್ತೆ ಹಚ್ಚಿ. ಹಬ್ಬದ ರಾತ್ರಿಗಳಲ್ಲಿ ದೇವಾಲಯದ ಸ್ತ್ರೀಯರ ಅಂಗಳದಲ್ಲಿ ಎತ್ತರದ ಚಿನ್ನದ ದೀಪಗಳು ಉರಿಯುತ್ತಿದ್ದವು, ಬತ್ತಿಗೆ ಯಾಜಕರ ಹಳೇ ಬಟ್ಟೆ ಹರಿದು ಬಳಸುತ್ತಿದ್ದರು, ಆ ಬೆಳಕು ಬೀಳದ ಅಂಗಳ ಯೆರೂಸಲೇಮಿನಲ್ಲೇ ಇರಲಿಲ್ಲ ಅಂತ ಯೆಹೂದ್ಯರ ಹಳೇ ನಿಯಮಗಳ ಗ್ರಂಥ ಮಿಷ್ನಾ ಹೇಳುತ್ತದೆ. ನಾನೇ ಲೋಕಕ್ಕೆ ಬೆಳಕು ಅನ್ನುವ ಮಾತು ಇರುವುದು ಯೋಹಾನ 8:12ರಲ್ಲಿ. ಎಂಟು ವಚನ ಬಿಟ್ಟು ನೋಡಿ, ಯೇಸು ಇದನ್ನು ಮಾತಾಡಿದ್ದು ಬೊಕ್ಕಸದ ಹತ್ತಿರ ಅಂತಿದೆ. ಕಾಣಿಕೆ ಪೆಟ್ಟಿಗೆಗಳು ಇದ್ದದ್ದು ಅದೇ ಸ್ತ್ರೀಯರ ಅಂಗಳದಲ್ಲಿ.

ಇನ್ನು ಅತಿಥಿಗಳು. ಧರ್ಮೋಪದೇಶಕಾಂಡ 16:14ರಲ್ಲಿ ಪಟ್ಟಿಯೇ ಇದೆ: ಮಗ, ಮಗಳು, ಆಳು, ಲೇವಿಯ (ದೇವರ ಸೇವೆಗೆ ಮೀಸಲಾದ ಕುಲದವನು), ಪರದೇಶಿ, ಅನಾಥ, ವಿಧವೆ. ಮನೆಯಲ್ಲಿ ಸೇರುವ ನಿಮ್ಮ ಪ್ರಾರ್ಥನಾ ಗುಂಪಿನವರನ್ನಷ್ಟೇ ಕರೆದರೆ ಪಟ್ಟಿಯ ಅರ್ಧವೂ ಆಗಲಿಲ್ಲ. ನಿಮ್ಮ ರಸ್ತೆಯಲ್ಲಿ ಕಟ್ಟಡ ಏಳುತ್ತಿದ್ದರೆ ಅದರ ಪಕ್ಕದಲ್ಲೇ ತಗಡಿನ ಶೆಡ್ ಇರುತ್ತದೆ, ನೀಲಿ ಟಾರ್ಪಾಲಿನ ಕೆಳಗೆ ರಾಯಚೂರು, ಯಾದಗಿರಿ ಕಡೆಯಿಂದ ಬಂದ ಒಂದು ಸಂಸಾರ ವರ್ಷವಿಡೀ ಇರುತ್ತದೆ. ಅವರನ್ನು ಊಟಕ್ಕೆ ಕರೆಯಿರಿ. ಫೋಟೊ, ಕರಪತ್ರ, ಭಾಷಣ ಯಾವುದೂ ಬೇಡ, ಒಟ್ಟಿಗೆ ಕೂತು ಊಟ. ಅವರ ಶೆಡ್ಡಿನ ಮುಂದೆ ನಮ್ಮ ಚಪ್ಪರ ಆಟದ ಸಾಮಾನು ಅನ್ನಿಸಬಹುದು. ಅನ್ನಿಸಲಿ.

ಇನ್ನೊಂದು ವಿಷಯ. ಈ ಹಬ್ಬದ ಹೆಸರಲ್ಲಿ ವಿಶೇಷ ಕಾಣಿಕೆ ಕೊಟ್ಟರೆ ವಿಶೇಷ ಆಶೀರ್ವಾದ ಅಂತ ಕೇಳುವವರು ಇದ್ದಾರೆ. ಬರಿಗೈಲಿ ಬರಬಾರದು ಅನ್ನುವ, ಧರ್ಮೋಪದೇಶಕಾಂಡದ ಅದೇ ಅಧ್ಯಾಯದ 16ನೇ ವಚನ ತೋರಿಸುತ್ತಾರೆ. ಅದರ ಮುಂದಿನ ವಚನ ನೀವೇ ಓದಿ, ಅವರವರ ಶಕ್ತಿಗೆ ತಕ್ಕಷ್ಟು ಅಂತ ಬರೆದಿದೆ.

ಬಿಚ್ಚುವಾಗ ಗರಿಗಳನ್ನು ರಸ್ತೆ ಮೂಲೆಗೆ ಎಸೆಯಬೇಡಿ. ಕಡ್ಡಿ ಸೀಳಿದರೆ ಪೊರಕೆ ಆಗುತ್ತದೆ. ಯೆಹೂದ್ಯರಲ್ಲಿ ಕೆಲವರು ಖರ್ಜೂರದ ಗರಿಯನ್ನು ಪಸ್ಕ ಹಬ್ಬದವರೆಗೆ ಒಣಗಿಸಿಟ್ಟು, ಆ ಹಬ್ಬಕ್ಕೆ ಮೊದಲು ಮನೆಯ ಹುಳಿಹಿಟ್ಟು ಸುಡುವಾಗ ಅದನ್ನೂ ಬೆಂಕಿಗೆ ಹಾಕುತ್ತಾರೆ. ನಮ್ಮಲ್ಲಿ ಕಳೆದ ವರ್ಷದ ಗರಿ ಸುಟ್ಟು ಬೂದಿ ಬುಧವಾರಕ್ಕೆ ಬೂದಿ ಮಾಡುವ ಹಾಗೆ. ಬೊಂಬು, ಬಕೆಟ್ ಮಾತ್ರ ಎತ್ತಿಡಿ, ಕ್ರಿಸ್ಮಸ್ ಸ್ಟಾರ್ ಕಟ್ಟುವುದಕ್ಕೆ ಬೇಕಾಗುತ್ತದೆ.