ಸೊಂಟ ನೋವಿಗೆ ಮೊದಲ ಸೂಜಿ ಕೈಗೆ

ಕಾಸರಗೋಡಿನ ಬದಿಯಡ್ಕದ ಹತ್ತಿರ ಅಕ್ಯುಪಂಕ್ಚರ್ ಅನ್ನುವ ಚೀನಾದ ಸೂಜಿ ಚಿಕಿತ್ಸೆ ಮಾಡಲು ಹಿಡಿದು ಹನ್ನೊಂದು ವರ್ಷ ಆಯ್ತು. ನನ್ನಲ್ಲಿಗೆ ಬರುವವರಲ್ಲಿ ಅರ್ಧಕ್ಕರ್ಧ ಸೊಂಟ ನೋವಿನವರೇ. ಅಡಿಕೆಗೆ ಮದ್ದು ಬಿಡುವವರು, ಕೊನೆ ತೆಗೆಯುವವರು, ದಿನವಿಡೀ ಕೂತು ಬೀಡಿ ಕಟ್ಟುವ ಹೆಂಗಸರು.

ಮೊದಲ ಮೂರು ವರ್ಷ ನಾನೂ ಎಲ್ಲರ ಹಾಗೆ ಕವುಚಿ ಮಲಗಿಸುತ್ತಿದ್ದೆ. ಸೊಂಟದ ಮೇಲಿನ ಯುಬಿ 23, ಯುಬಿ 25, ಡಿಯು 3, ಡಿಯು 4 (ಇವೆಲ್ಲ ಸೂಜಿ ಚುಚ್ಚುವ ಬಿಂದುಗಳ ಹೆಸರು), ಜೊತೆಗೆ ಒತ್ತಿದರೆ ನೋಯುವ ಜಾಗಗಳು. ಒಟ್ಟು ಹದಿನೈದು ಸೂಜಿಯಾದರೂ ಆಗುತ್ತಿತ್ತು. ಹಳೆ ನೋವಿಗೆ ಅಡ್ಡಿಯಿಲ್ಲ. ಆದರೆ ನಿನ್ನೆ ಮೊನ್ನೆ ಸೊಂಟ ಹಿಡಿದವರಿಗೆ ಮಲಗುವುದೇ ಹಿಂಸೆ. ಗೋಡೆ ಹಿಡಿದು ನಡೆದು ಬಂದ ಒಬ್ಬರನ್ನು ಇಪ್ಪತ್ತು ನಿಮಿಷ ಮಲಗಿಸಿದೆ. ಆಮೇಲೆ ಅವರನ್ನು ಎಬ್ಬಿಸಲು ಇಬ್ಬರು ಬೇಕಾಯ್ತು. ಎರಡು ತಿಂಗಳು ಆ ಕಡೆಯಿಂದ ಒಬ್ಬರೂ ಬರಲಿಲ್ಲ. ಆಗ ನನ್ನ ಫೀಸು 150 ರೂಪಾಯಿ, ಕೋಣೆ ಬಾಡಿಗೆಯೂ ಹುಟ್ಟುತ್ತಿರಲಿಲ್ಲ. ಸುಮಾರು ಒಂಬತ್ತು ಸಾವಿರ ಕೊಟ್ಟು ತಂದ, ಸೂಜಿಗೆ ಕರೆಂಟು ಕೊಡುವ ಯಂತ್ರ ಎರಡನೇ ಮಳೆಗಾಲದ ಸಿಡಿಲಿಗೆ ಸತ್ತುಹೋಯ್ತು.

ಈಗ ನಾನು ಮೊದಲು ಬೆನ್ನು ಮುಟ್ಟುವುದೇ ಇಲ್ಲ. ಮೇಜು ಹಿಡಿದು ನಿಲ್ಲಿಸಿ ಎರಡೂ ಕೈಯ ಕಿರುಬೆರಳ ಬುಡದ ಹೊರಬದಿಯ ಎಸ್‌ಐ 3ಕ್ಕೆ 25 ಮಿಲಿಮೀಟರಿನ ಸೂಜಿ. ಜೋಮು, ಭಾರ ಬಂದ ಮೇಲೆ ಮೆಲ್ಲ ಬಗ್ಗಿ, ತಿರುಗಿ ಎನ್ನುತ್ತೇನೆ. ಅವರು ಆಡುತ್ತಿರುವಾಗಲೇ ನಾನು ಸೂಜಿ ತಿರುಗಿಸುತ್ತೇನೆ. ಹತ್ತು ಹದಿನೈದು ನಿಮಿಷ ಸಾಕು. ನೋವು ನಡುಬೆನ್ನಲ್ಲಿಲ್ಲದೆ ಪಕ್ಕಕ್ಕಿದ್ದರೆ ಅಂಗೈ ಹಿಂಬದಿಯ ಯಾವೋತೊಂಗ್ ಜೋಡಿ ಬಿಂದು. ಆಮೇಲೆ ಮಗ್ಗುಲಾಗಿ ಮಲಗಿಸಿ ಮೊಣಕಾಲ ಹಿಂಬದಿಯ ಯುಬಿ 40, ಪಾದದ ಹೊರಗಂಟಿನ ಹಿಂದಿನ ಯುಬಿ 60. ಸೊಂಟ ಬೆನ್ನಿಗೆ ಯುಬಿ 40 ಹಿಡಿ ಅಂತ ಚೀನಾದವರ ಹಳೆ ಪದ್ಯವೇ ಇದೆಯಲ್ವಾ? ಯುಬಿ 23ಕ್ಕೆ ಮೂರನೇ ದಿನ ಹೋದರೆ ಸಾಕು. ಎಸ್‌ಐ 3ರಲ್ಲಿ ಮೊನೆ ಯಾವ ಕಡೆಗೆ, ಎಷ್ಟು ಓರೆ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಅದು ನಾನು ಮೂರು ವರ್ಷ ನಷ್ಟ ಮಾಡಿಕೊಂಡು ಕಲಿತದ್ದು.

ಇದರಲ್ಲೂ ಪೆಟ್ಟು ತಿಂದಿದ್ದೇನೆ. ಖಾಲಿ ಹೊಟ್ಟೆಯಲ್ಲಿ ಬಂದ ಹುಡುಗನೊಬ್ಬ ನಿಂತಲ್ಲೇ ತಲೆ ತಿರುಗಿ ಬಿದ್ದ. ಅಂದಿನಿಂದ ಗಂಜಿ ಉಂಡು ಬಂದಿದ್ದೀರಾ ಅಂತ ಕೇಳದೆ ಸೂಜಿ ಕೈಗೆತ್ತಿಕೊಳ್ಳುವುದಿಲ್ಲ. ಬಸುರಿಯರಿಗೆ ಯುಬಿ 60 ಮುಟ್ಟುವುದಿಲ್ಲ. ಕಾಲಿನ ಹೊರಬದಿಗೆ ನೋವು ಇಳಿದಿದ್ದರೆ ದಾರಿ ಬೇರೆ: ಪೃಷ್ಠದ ಜಿಬಿ 30ಕ್ಕೆ 75 ಮಿಲಿಮೀಟರಿನ ಸೂಜಿ, ಮೊಣಕಾಲ ಕೆಳಗೆ ಹೊರಬದಿಯ ಜಿಬಿ 34. ಮೂತ್ರ ಕಟ್ಟಿದೆ, ಕೂರುವ ಜಾಗ ಮರಗಟ್ಟಿದೆ ಅಂದರೆ ಸೂಜಿ ಪೆಟ್ಟಿಗೆ ಮುಚ್ಚಿ ನೇರ ಮಂಗಳೂರಿನ ಆಸ್ಪತ್ರೆಗೆ ಕಳಿಸುತ್ತೇನೆ.

ಬೀಡಿ ಕಟ್ಟುವ ಅಕ್ಕಂದಿರಿಗೆ ಬೇರೊಂದು ಪ್ರಯೋಗ ಮಾಡುತ್ತಿದ್ದೇನೆ. ಯುಬಿ 23ರ ಮೇಲೆ ಶುಂಠಿ ಬಿಲ್ಲೆ, ಅದರ ಮೇಲೆ ಮೋಕ್ಸಾ, ಅಂದರೆ ಉರಿಸಿ ಬಿಸಿ ಕೊಡುವ ಒಣ ಮಾಚಿಪತ್ರೆ ಪುಡಿ. ಮಳೆ ಜೋರಿರುವ ಆಟಿ ತಿಂಗಳಲ್ಲಿ ಮೋಕ್ಸಾ ಥಂಡಿ ಹಿಡಿದು ಉರಿಯುವುದಿಲ್ಲ. ಡಬ್ಬಿಯಲ್ಲಿ ಹಾಕಿ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಸರಿಯಾಗುತ್ತದೆ. ಎಂಟು ಜನರಲ್ಲಿ ಐದಾರು ಮಂದಿಗೆ ಹಿತ ಆಗಿದೆ. ಕೂರುವಾಗ ಕೆಳಗೆ ಮಡಚಿದ ಗೋಣಿ ಇಡಿ ಅಂದದ್ದೂ ಜಾಸ್ತಿ ಕೆಲಸ ಮಾಡಿರಬೇಕು.

"ಕೈಗೆ ಚುಚ್ಚಿ ಸೊಂಟ ಬಿಡಿಸ್ತೀಯಾ?" ಅಂತ ನಕ್ಕಿದ್ದ ನನ್ನ ಜೊತೆಗಾರನೊಬ್ಬ ಇದ್ದಾನೆ, ಅವನೂ ಸೂಜಿಯವನೇ. ಕಳೆದ ವರ್ಷ ಗ್ಯಾಸ್ ಸಿಲಿಂಡರ್ ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡು ನನ್ನಲ್ಲಿಗೇ ಬಂದ. ಎರಡೇ ಸೂಜಿ, ಹದಿನೈದು ನಿಮಿಷ. ಹೋಗುವಾಗ ತಾನೇ ಬಗ್ಗಿ ಚಪ್ಪಲಿಯ ಪಟ್ಟಿ ಹಾಕಿಕೊಂಡ.