ಪಿ.ಟಿ. ಮೇಷ್ಟ್ರಾಗಿದ್ದವನು ಪ್ರಿನ್ಸಿಪಾಲ್ ಆದಾಗ

ಸುಂಟಿಕೊಪ್ಪದ ಕಡೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ 14 ವರ್ಷ ಫುಟ್‌ಬಾಲ್ ಕಲಿಸಿದೆ. ಕೊಡಗು ಅಂದರೆ ಎಲ್ಲರಿಗೂ ಹಾಕಿ ನೆನಪಾಗುತ್ತದೆ. 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ಅಷ್ಟು ದೊಡ್ಡದು, ಅಲ್ವಾ? ಆದರೆ ನಮ್ಮ ಶಾಲೆಗೆ ಬರುವ, ಕಾಫಿ ತೋಟದ ಕೆಲಸಗಾರರು ಇರುವ ಲೈನ್ ಮನೆಯ ಮಕ್ಕಳಿಗೆ ಫುಟ್‌ಬಾಲೇ ಜಾಸ್ತಿ ಇಷ್ಟ. ಒಂದು ಚೆಂಡಿದ್ದರೆ ಇಪ್ಪತ್ತು ಮಕ್ಕಳು ಆಡಬಹುದು.

ಮಳೆಗಾಲದಲ್ಲಿ ಚೆಂಡು ಕೆಸರಲ್ಲಿ ಹೂತು ನಿಲ್ಲುತ್ತಿತ್ತು. ಆಟ ಮುಗಿಸಿ ಸಾಕ್ಸ್ ತೆಗೆದರೆ ಜಿಗಣೆ. ಫಸ್ಟ್ ಏಡ್ ಪೆಟ್ಟಿಗೆಯಲ್ಲಿ ಉಪ್ಪಿನ ಡಬ್ಬ ಇದ್ದೇ ಇರುತ್ತಿತ್ತು.

ಮೂರು ದಿನ ಪ್ರಾಕ್ಟೀಸಿಗೆ ಬರದಿದ್ದರೆ ಟೀಮಿನಿಂದ ಹೊರಗೆ. ಇದು ಆಗಿನ ನನ್ನ ನಿಯಮ. ಚೆನ್ನಾಗಿ ಆಡುತ್ತಿದ್ದ ಒಬ್ಬ ಹುಡುಗನನ್ನು ಹಾಗೆ ತೆಗೆದೆ. ಯಾಕೆ ಬರಲಿಲ್ಲ ಅಂತ ಕೇಳಲೇ ಇಲ್ಲ. ಒಂಬತ್ತನೇ ಕ್ಲಾಸ್ ಮುಗಿಯುವ ಮೊದಲೇ ಅವನು ಶಾಲೆ ಬಿಟ್ಟ. ಅವನಪ್ಪ ಹಾಸಿಗೆ ಹಿಡಿದಿದ್ದರು ಅಂತ ಆಮೇಲೆ ಗೊತ್ತಾಯಿತು. ಆ ಮುಖ ಇವತ್ತಿಗೂ ಕಣ್ಣ ಮುಂದಿದೆ.

ಬಿ.ಪಿ.ಎಡ್. ಇತ್ತು, ಆಮೇಲೆ ಬಿ.ಎಡ್. ಮಾಡಿ ಸಮಾಜ ವಿಜ್ಞಾನ ಪಾಠ ತೆಗೆದುಕೊಂಡೆ. ಹಳೆಯ ಪ್ರಿನ್ಸಿಪಾಲ್ ನಿವೃತ್ತರಾದಾಗ ಆಡಳಿತ ಮಂಡಳಿ ನನ್ನನ್ನು ಆ ಕುರ್ಚಿಗೆ ಕರೆಯಿತು. "ಪಿ.ಟಿ. ಮೇಷ್ಟ್ರಿಗೆ ಎಸ್ಸೆಸ್ಸೆಲ್ಸಿ ರಿಸಲ್ಟ್ ತರೋಕಾಗುತ್ತಾ?" ಅಂತ ಪೋಷಕರ ಸಭೆಯಲ್ಲೇ ಒಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಗಣಿತ, ವಿಜ್ಞಾನವನ್ನು ಆಯಾ ಟೀಚರ್‌ಗಳಿಗೇ ಬಿಟ್ಟೆ. ಮಕ್ಕಳನ್ನು ಕ್ಲಾಸಿಗೆ ಕರೆತರುವುದು ನನ್ನ ಪಾಲಿನ ಕೆಲಸ ಅಂದುಕೊಂಡೆ.

ಜನವರಿಯಲ್ಲಿ ರೋಬಸ್ಟಾ ಕಾಫಿಯ ಕುಯ್ಲು ಜೋರು. ಹುಡುಗಿಯರ ಟೀಮಿನ ಗೋಲ್‌ಕೀಪರ್, ಎಂಟನೇ ಕ್ಲಾಸು. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಸಾಲಾಗಿ ಒಂಬತ್ತು 'ಎ'. ಸಂಜೆ ಲೈನಿಗೆ ಹೋದೆ. ಮೂರು ವರ್ಷದ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಲ್ಲೇ ನಿಂತಿದ್ದಳು. ನನ್ನನ್ನು ನೋಡಿ ತಲೆ ತಗ್ಗಿಸಿದಳು.

"ಕಿಲೋ ಲೆಕ್ಕ ಸಾರ್," ಅಂದರು ಅವಳಮ್ಮ. "ಬೇಗ ಹೋದಷ್ಟೂ ಕಾಸು. ಚಿಕ್ಕವನನ್ನ ಯಾರು ನೋಡ್ತಾರೆ?"

ಅಂಗನವಾಡಿ ಬಾಗಿಲು ತೆಗೆಯುವ ಹೊತ್ತಿಗೆ ಅವರು ತೋಟದೊಳಗೆ ಇರುತ್ತಿದ್ದರು. ತೊಡಕು ಅಷ್ಟೇ, ಬೆಳಗಿನ ಹೊತ್ತು ಎರಡು ತಾಸು. ತಮ್ಮನನ್ನೂ ಕರಕೊಂಡು ಬಾ ಅಂದೆ. ನಮ್ಮ ಆಯಾ ಅವನನ್ನು ನೋಡಿಕೊಂಡು, ಅಂಗನವಾಡಿ ತೆಗೆದ ಮೇಲೆ ಅಲ್ಲಿ ಬಿಟ್ಟು ಬರುತ್ತಿದ್ದರು. ಅವರು ಸುಮ್ನೆ ದುಡಿಯಬಾರದಲ್ಲ? ಆ ಎರಡು ಗಂಟೆಗೆ ಹೆಚ್ಚಿನ ಸಂಬಳ ಕೊಡಿಸಲು ಮಂಡಳಿಯ ಹತ್ತಿರ ನಾಲ್ಕು ಸಲ ಹೋಗಬೇಕಾಯಿತು. ಆ ಕುಯ್ಲಿನಲ್ಲಿ ಹೀಗೆ ಆರು ಮಕ್ಕಳು ಕ್ಲಾಸಿಗೆ ವಾಪಸ್ ಬಂದರು.

ತೋಟದ ಕಡೆ ಶಾಲೆ ನಡೆಸುವವರು ಎಸ್ಟೇಟ್ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರ, ಪರಿಚಯ ಮಾಡಿಕೊಳ್ಳಿ. ಯಾವ ಲೈನಿಗೆ ಯಾರು ಬಂದರು, ಯಾರು ಊರು ಬಿಟ್ಟರು, ಎಲ್ಲ ಅವರಿಗೆ ಗೊತ್ತಿರುತ್ತದೆ. ಮನೆಗೆ ಮಾತ್ರ ನೀವೇ ಹೋಗಿ. ಫೋನಿನಲ್ಲಿ ಯಾರೂ ನಿಜವಾದ ಕಾರಣ ಹೇಳುವುದಿಲ್ಲ.

ಈಗ ಬೇರೆ ಕೋಚ್ ಇದ್ದಾರೆ. ಮೂರು ದಿನ ಬರದ ಮಕ್ಕಳ ಹೆಸರು ಬರೆದು ಚೀಟಿ ಕೊಡುತ್ತಾರೆ. ನಿನ್ನೆಯ ಚೀಟಿಯಲ್ಲಿ ಎರಡು ಹೆಸರಿತ್ತು. ಒಂದು ಮನೆಗೆ ಹೋಗಿ ಬಂದೆ, ಇನ್ನೊಂದಕ್ಕೆ ನಾಳೆ.